ಬಂದಳಿಕೆಯನ್ನು ಗುರುತಿಸುವ ಬಗೆ

(ಬೆಂಗಳೂರಿನ ಸುತ್ತಣ ಗ್ರಾಮಗಳ ಜಮೀನುದಾರರಿಗಾಗಿ ಮಾಡಿದ ಉಪನ್ಯಾಸ)



ಹೊಲದ ಕಳೆಯನ್ನು ಕಾಣಲು ತಲೆ ತಗ್ಗಿಸಿದರೆ ಸಾಕು; ಮರದ ಕಳೆಯನ್ನು ಕಾಣಲು ತಲೆಯೆತ್ತಬೇಕು. ಆದಕಾರಣವೇ ರಾಗಿಯ ಹೊಲದಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಉಳಿಸದ ರೈತರು ತಮ್ಮ ಮಾವಿನ ಮರವನ್ನು ವರ್ಷಗಟ್ಟಲೆ ಹೀರುತ್ತಿರುವ ಬಂದಳಿಕೆಯನ್ನು ಲಕ್ಷಿಸದೆ ಇರುವುದುಂಟು. ಇದಕ್ಕೆ ಕೆಲವರು ಬದನಿಕೆಯೆಂದೂ ಹೇಳುತ್ತಾರೆ. ಇದರ ಗುರುತುಗಳನ್ನೂ ನಿವಾರಣೆಯ ಕ್ರಮವನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವುದೇ ಈ ದಿನದ ನನ್ನ ಉದ್ದೇಶ.

ಈ ವಿಷಯವು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದೆ. ೧೮೮೨ರಲ್ಲಿ ಚಾಮರಾಜೇಂದ್ರ ಒಡೆಯರವರು ಬೇಸಾಯದ ವಸಾಹತಿಗೆಂದು ಕೊಡಿಸಿದ ೩,೯೦೦ ಎಕರೆ ಜಮೀನಿನಿಂದ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ಈಗ ಹೊಲಗಳಿಗಿಂತ ಕಛೇರಿಗಳೇ ಹೆಚ್ಚು. ಕೋನಪ್ಪನ ಅಗ್ರಹಾರದ ಬಳಿ ಎಲೆಕ್ಟ್ರಾನಿಕ್ ಸಿಟಿಯೂ, ಪೀಣ್ಯದಲ್ಲಿ ಕಾರ್ಖಾನೆಗಳೂ ಎದ್ದಿವೆ. ಹೊಲಗಳು ಹೋದರೂ ಹಲವು ಕಡೆ ಹಳೆಯ ಮಾವು, ಹೊಂಗೆ, ಬೇವಿನ ಮರಗಳು ಖಾಲಿ ನಿವೇಶನಗಳಲ್ಲಿಯೂ ಬೇಲಿಯ ಬದಿಯಲ್ಲಿಯೂ ಉಳಿದಿವೆ. ನೋಡಿಕೊಳ್ಳುವವರಿಲ್ಲದ ಇಂಥ ಮರವು ಬಂದಳಿಕೆಗೆ ತವರುಮನೆಯಾಗುತ್ತದೆ. ಅಲ್ಲಿಂದ ಅದು ಆನೇಕಲ್ಲು, ಹೊಸಕೋಟೆ, ನೆಲಮಂಗಲದ ಕಡೆ ಇನ್ನೂ ಬೇಸಾಯದಲ್ಲಿರುವ ತೋಪುಗಳಿಗೂ ದಾಟಬಲ್ಲುದು.

ಬಂದಳಿಕೆಯ ಗುರುತುಗಳು

ಮೊದಲನೆಯದು, ಬೇರು. ಬಂದಳಿಕೆಗೆ ನೆಲದಲ್ಲಿ ಬೇರಿಲ್ಲ. ಅದು ಕೊಂಬೆಯ ತೊಗಟೆಯನ್ನು ತೂರಿ ಒಳಗಿನ ಮರದ ತಿರುಳಿಗೆ ಬೇರನ್ನು ಇಳಿಸುತ್ತದೆ. ಆ ಸಂಧಿಯಲ್ಲಿ ಕೊಂಬೆಯು ಗಂಟಿನಂತೆ ಊದಿಕೊಂಡಿರುತ್ತದೆ. ಗಂಟಿನಿಂದಾಚೆಗೆ ಕೊಂಬೆಯು ಸೊರಗಿ, ಕ್ರಮೇಣ ಒಣಗುವುದು.

ಎರಡನೆಯದು, ಎಲೆ. ಎಲೆಗಳು ದಪ್ಪವಾಗಿ, ತೊಗಲಿನಂತೆ ಗಡುಸಾಗಿ, ಮರದ ಎಲೆಗಳಿಗಿಂತ ಬೇರೆಯ ಬಣ್ಣದಲ್ಲಿರುತ್ತವೆ. ಹೊಂಗೆಯು ಎಲೆಯುದುರಿಸಿ ಬರಿದಾಗುವ ಮಾಘ-ಫಾಲ್ಗುಣದಲ್ಲಿ ಮರದ ನಡುವೆ ಹಸಿರು ಪೊದೆಯೊಂದು ಮಾತ್ರ ನಿಂತಿದ್ದರೆ, ಅದರ ಮೇಲೆ ಸಂಶಯಪಡತಕ್ಕದ್ದು.

ಮೂರನೆಯದು, ಹೂವು. ಒಂದೆರಡು ಅಂಗುಲ ಉದ್ದದ, ಸ್ವಲ್ಪ ಬಾಗಿದ ಕೊಳವೆಯಂತಿದ್ದು, ಕೆಂಪು ಅಥವಾ ಕಿತ್ತಳೆಯ ಛಾಯೆಯಿಂದ ಕೂಡಿ, ತುದಿಯಲ್ಲಿ ಹಸುರಾಗಿರುತ್ತದೆ. ಅರಳಿದಾಗ ಐದು ಎಸಳುಗಳು ಹಿಂದಕ್ಕೆ ಮಡಿಸಿಕೊಳ್ಳುತ್ತವೆ. ಇದರ ಮಧುವಿಗಾಗಿ ಸೂರಕ್ಕಿಗಳು ಬರುತ್ತವೆ.

ನಾಲ್ಕನೆಯದು, ಹಣ್ಣು. ಚಿಕ್ಕದಾಗಿ ಉದ್ದುದ್ದನೆಯ ದುಂಡಗಿರುವ ಈ ಹಣ್ಣನ್ನು ಹಿಸುಕಿದರೆ ಅಂಟಿನಿಂದ ಸುತ್ತಿದ ಬೀಜವು ಬೆರಳಿಗೆ ಹತ್ತಿಕೊಳ್ಳುತ್ತದೆ.

ಹೂವನ್ನು ನೋಡಿ ಮೋಸಹೋಗಬಾರದು

ಈ ಹೂವು ತೋಟದ ಬಳ್ಳಿಯಾದ ಹನಿಸಕಲ್ಲನ್ನು ಹೋಲುವುದರಿಂದ ಇಂಗ್ಲಿಷಿನಲ್ಲಿ ಬಂದಳಿಕೆಗೂ ಅದೇ ಹೆಸರನ್ನು ಸೇರಿಸಿ ಕರೆಯುವುದುಂಟು. ಹನಿಸಕಲ್ ಕುಟುಂಬದ ಲಕ್ಷಣಗಳು ಹೀಗಿವೆ: ಎಲೆಗಳು ಗೆಣ್ಣುಗೆಣ್ಣಿಗೂ ಎದುರುಬದುರಾಗಿ ಜೋಡಿಯಾಗಿರುತ್ತವೆ, ತೊಟ್ಟಿನ ಬುಡದಲ್ಲಿ ಪುಟ್ಟ ಉಪಪತ್ರಗಳು ಸಾಮಾನ್ಯವಾಗಿ ಇರುವುದಿಲ್ಲ, ಎಸಳುಗಳು ಕೂಡಿ ಕೊಳವೆಯಾಗಿರುತ್ತವೆ, ಕಾಯಿಯಾಗತಕ್ಕ ಭಾಗವು ಹೂವಿನ ಕೆಳಗಿರುತ್ತದೆ. ಹಿಮಾಲಯದಿಂದ ಬರುವ ಜಟಾಮಾಂಸಿಯನ್ನೂ ಈಗಿನ ಸಸ್ಯಶಾಸ್ತ್ರಜ್ಞರು ಇದೇ ಕುಟುಂಬಕ್ಕೆ ಸೇರಿಸಿದ್ದಾರೆ. ಬಂದಳಿಕೆಯಲ್ಲಿಯೂ ಕೊಳವೆಯಂಥ ಹೂವುಂಟು, ಹೂವಿನ ಕೆಳಗೆ ಕಾಯಿಯುಂಟು, ಹಲವೆಡೆ ಎದುರೆಲೆಗಳೂ ಉಂಟು. ಆದರೆ ಹನಿಸಕಲ್ ಬಳ್ಳಿಯು ಮರವನ್ನು ಹಬ್ಬಿದರೂ ಅದರ ಬೇರು ಮಣ್ಣಿನಲ್ಲಿಯೇ ಇರುತ್ತದೆ. ಒಂದು ಆಸರೆಯನ್ನು ಮಾತ್ರ ಬೇಡುತ್ತದೆ. ಇನ್ನೊಂದು ಅನ್ನವನ್ನೇ ಕಸಿಯುತ್ತದೆ. ಆದಕಾರಣ ಹೂವಿನಿಂದಾಗಲಿ ಹೆಸರಿನಿಂದಾಗಲಿ ತೀರ್ಮಾನಿಸದೆ, ಬುಡವನ್ನು ಹುಡುಕಿ ನೋಡಿ ತೀರ್ಮಾನಿಸತಕ್ಕದ್ದು.

ಮರದ ಮೇಲಿನ ಇತರ ಗಿಡಗಳು

ಹೀಗೆಯೇ ಬುಡವನ್ನು ನೋಡಿದರೆ ಉಳಿದವುಗಳನ್ನೂ ಸುಲಭವಾಗಿ ಬೇರ್ಪಡಿಸಬಹುದು. ಸೀತಾಳೆಯ ಬಿಳಿಯ ಬೇರುಗಳು ತೊಗಟೆಯ ಮೇಲೆಯೇ ಹರಿದಿರುತ್ತವೆ, ಒಳಕ್ಕೆ ಇಳಿಯುವುದಿಲ್ಲ. ಅದರಿಂದ ಮರಕ್ಕೆ ಹಾನಿಯಿಲ್ಲವಾದ್ದರಿಂದ ಕೀಳಬೇಕಾಗಿಲ್ಲ. ಮರದ ಕವಲಿನಲ್ಲಿ ಹುಟ್ಟಿದ ಆಲ ಅಥವಾ ಅರಳಿಯ ಸಸಿಯ ಎಲೆಯನ್ನು ಮುರಿದರೆ ಹಾಲು ಒಸರುತ್ತದೆ, ಬಂದಳಿಕೆಯಲ್ಲಿ ಹಾಲಿಲ್ಲ. ಈ ಸಸಿಯನ್ನು ಎಳೆಯದರಲ್ಲಿಯೇ ಕಿತ್ತುಹಾಕಬೇಕು. ಎಲೆಯೇ ಇಲ್ಲದೆ ದಾರದ ಸಿಕ್ಕಿನಂತೆ ಹರಡಿರುವುದು ಆಕಾಶಬಳ್ಳಿ, ಇದೂ ಶತ್ರುವೇ.

ಹರಡುವ ಬಗೆ

ಬದನಿಕೆ ಹಕ್ಕಿಯೆಂಬ ಅತಿ ಚಿಕ್ಕ ಪಕ್ಷಿಯು ಈ ಹಣ್ಣನ್ನು ತಿನ್ನುತ್ತದೆ. ಅಂಟುಬೀಜವು ಸುಲಭವಾಗಿ ಕಳಚದ ಕಾರಣ ಹಕ್ಕಿಯು ಅದನ್ನು ಕೊಂಬೆಗೆ ಒರೆಸಿಬಿಡುತ್ತದೆ. ಬೀಜವು ಅಲ್ಲಿಯೇ ಮೊಳೆತು ತೊಗಟೆಯನ್ನು ಕೊರೆಯುತ್ತದೆ. ಎಲೆ ಹಸುರಾಗಿರುವುದರಿಂದ ಬಂದಳಿಕೆಯು ಬಿಸಿಲಿನಲ್ಲಿ ತನ್ನ ಆಹಾರವನ್ನು ತಾನೇ ಪಾಕಮಾಡಿಕೊಳ್ಳಬಲ್ಲುದಾದರೂ ಅದಕ್ಕೆ ಬೇಕಾದ ನೀರನ್ನೂ ಲವಣಗಳನ್ನೂ ಮರದಿಂದಲೇ ಸೆಳೆಯುತ್ತದೆ. ಮಳೆ ತಪ್ಪಿದ ವರ್ಷದಲ್ಲಿ ಮರಕ್ಕೇ ನೀರು ಸಾಲದಿರುವಾಗ ಈ ಸುಲಿಗೆಯಿಂದಾಗುವ ನಷ್ಟವನ್ನು ತಾವೇ ಊಹಿಸಬಹುದು.

ನಿವಾರಣೆಯ ಕ್ರಮ

೧. ಕಾಯಿಯು ಹಣ್ಣಾಗುವುದಕ್ಕೆ ಮೊದಲೇ ತೆಗೆಯಬೇಕು. ಹಣ್ಣುದುರಿದ ಮೇಲೆ ತೆಗೆದರೆ ಅರ್ಧ ಕೆಲಸ ಮಾತ್ರ ಆದಂತೆ.

೨. ಪೊದೆಯನ್ನು ಮಾತ್ರ ಸವರಿದರೆ ಒಳಗೆ ಉಳಿದ ಭಾಗದಿಂದ ಮತ್ತೆ ಚಿಗುರುತ್ತದೆ. ಗಂಟಿಗಿಂತ ಒಂದು ಮೊಳದಷ್ಟು ಕೆಳಗೆ, ಕಾಂಡದ ಕಡೆಗೆ, ಕೊಂಬೆಯನ್ನೇ ಗರಗಸದಿಂದ ಕೊಯ್ಯಬೇಕು. ಬಂದಳಿಕೆಯು ಕೊಂಬೆಯ ಮೇಲೆ ಹರಿದು ಅಲ್ಲಲ್ಲಿ ಬೇರಿಳಿಸಿದ್ದರೆ ಆ ಹರಿವು ಮುಗಿಯುವ ಸ್ಥಳವನ್ನು ಮೊದಲು ನೋಡಿಕೊಳ್ಳಬೇಕು.

೩. ಕೊಯ್ದ ಗಾಯಕ್ಕೆ ಬೋರ್ಡೋ ಸರಿಯನ್ನು ಹಚ್ಚಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರು ನೀರು, ಇದೇ ಪ್ರಮಾಣ. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆಬೇರೆ ಕರಗಿಸಿ ಅನಂತರ ಕೂಡಿಸಬೇಕು. ಕಬ್ಬಿಣದ ಪಾತ್ರೆಯನ್ನು ಉಪಯೋಗಿಸಕೂಡದು. ಮಣ್ಣಿನದಾಗಲಿ ಪ್ಲಾಸ್ಟಿಕ್ಕಿನದಾಗಲಿ ಆಗಬಹುದು.

೪. ಬಂದಳಿಕೆಯು ದಪ್ಪ ಕಾಂಡದ ಮೇಲಿದ್ದು ಕೊಂಬೆ ಕೊಯ್ಯುವಂತಿಲ್ಲದಿದ್ದರೆ, ಪ್ರತಿವರ್ಷವೂ ಚಿಗುರನ್ನು ಮುರಿಯುತ್ತ, ಹೂಬಿಡುವುದಕ್ಕೆ ಅವಕಾಶವಿಲ್ಲದಂತೆ ನೋಡಿಕೊಳ್ಳಬೇಕು.

ಯಜಮಾನರಲ್ಲಿ ವಿಜ್ಞಾಪನೆ

ಒಬ್ಬ ರೈತನು ತನ್ನ ತೋಪನ್ನು ಶುದ್ಧಿಮಾಡಿದರೂ ಪಕ್ಕದ ಗುಂಡುತೋಪಿನಲ್ಲಿ ಒಂದು ಮರವು ಹಣ್ಣುಬಿಟ್ಟುಕೊಂಡು ನಿಂತಿದ್ದರೆ ಅವನ ಶ್ರಮವೆಲ್ಲ ವ್ಯರ್ಥ. ಹಕ್ಕಿಗೆ ಸರ್ವೆ ನಂಬರು ತಿಳಿಯದು. ಆದುದರಿಂದ ಮಾವಿನ ಫಸಲು ಮುಗಿದ ಕೂಡಲೆ ಇಡೀ ಊರು ಒಟ್ಟಾಗಿ ಒಂದು ದಿನವನ್ನು ಗೊತ್ತುಮಾಡಿ ಈ ಕೆಲಸವನ್ನು ನಡೆಸತಕ್ಕದ್ದು. ಗುಂಡುತೋಪಿನ ಮರಗಳು ಊರಿನ ಸ್ವತ್ತಾದುದರಿಂದ ಗ್ರಾಮ ಪಂಚಾಯಿತಿಗೆ ತಿಳಿಸಿ, ಅದರ ಒಪ್ಪಿಗೆಯಿಂದ ಕೊಂಬೆಗಳಿಗೆ ಕೈಹಾಕಬೇಕು. ೧೯೭೬ರ ವೃಕ್ಷ ಸಂರಕ್ಷಣಾ ಕಾಯಿದೆಯುಂಟೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಬಂದಳಿಕೆಯ ನೆಪದಿಂದ ಯಾರೂ ಮರವನ್ನೇ ಉರುಳಿಸದಂತೆ ಎಚ್ಚರವಹಿಸಬೇಕು. ಕಾರ್ಖಾನೆಯ ಆವರಣದಲ್ಲಿಯೂ ಖಾಲಿ ನಿವೇಶನದಲ್ಲಿಯೂ ಇರುವ ಮರಗಳ ಮಾಲೀಕರಿಗೆ ಊರಿನ ಪರವಾಗಿ ಒಂದು ಕಾಗದ ಬರೆದು ತಿಳಿಸಿದರೆ ಒಳ್ಳೆಯದು.

ಬಂದಳಿಕೆಯು ಔಷಧಿಗೆ ಬರುವುದೆಂದು ವೈದ್ಯರು ಹೇಳುತ್ತಾರೆ. ಹಕ್ಕಿಗಳಿಗೂ ಅದು ಆಹಾರ. ಕಾಡಿನಲ್ಲಿ ಅದು ಇದ್ದುಕೊಳ್ಳಲಿ. ಆದರೆ ತಾತಂದಿರು ನೆಟ್ಟು ನೀರೆರೆದ ಮಾವಿನ ಮರವು ಮೊಮ್ಮಕ್ಕಳ ಕಾಲಕ್ಕೂ ಫಲಕೊಡಬೇಕಾದರೆ, ವರ್ಷಕ್ಕೆ ಎರಡು ಸಲ ತಲೆಯೆತ್ತಿ ಅದರ ಕೊಂಬೆಗಳನ್ನು ನೋಡುವ ಅಭ್ಯಾಸವನ್ನು ತಾವೆಲ್ಲರೂ ಇಟ್ಟುಕೊಳ್ಳಬೇಕೆಂದು ಪ್ರಾರ್ಥಿಸಿ ಈ ಉಪನ್ಯಾಸವನ್ನು ಮುಗಿಸುತ್ತೇನೆ.