ಗದ್ದೆಯಲ್ಲಿ ಬರಿಮೈ ಏಕೆ?

(ಹೆಡತಲೆಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ಭಾಗದ ಎಷ್ಟೋ ಯುವಕರು ನಂಜನಗೂಡಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಬೂಟು, ಕೈಗವಸು ಹಾಕಿಕೊಳ್ಳುವ ಹುಡುಗನೇ ರಜೆಯ ದಿನ ಭತ್ತಕ್ಕೆ ಔಷಧಿ ಹೊಡೆಯುವಾಗ ಬರಿಮೈ, ಬರಿಗಾಲು, ಬಾಯಲ್ಲಿ ಬೀಡಿ! ಗದ್ದೆಯಲ್ಲಿ ಗದರಿಸುವ ಮೇಸ್ತ್ರಿ ಇಲ್ಲ, ಅಷ್ಟೇ. ವಿಷವನ್ನು ನಾವು ‘ಔಷಧಿ’ ಎನ್ನುವುದೂ ಒಂದು ತೊಡಕೇ ಎನ್ನಿ.

ಡಬ್ಬಿಯ ಮೇಲೆ ಕೆಂಪು ಗುರುತಿದ್ದರೆ ಮಾತ್ರ ಅಪಾಯವೆಂದು ತಿಳಿದವರಿದ್ದಾರೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಹಳದಿ ಗುರುತಿನವು. ಇವೂ ಚರ್ಮದ ಮೂಲಕವೇ ಒಳಸೇರಿ ನರಗಳ ಕೆಲಸ ಕೆಡಿಸುತ್ತವೆ. ತಲೆಸುತ್ತು, ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜಾಗುವುದು ಕಂಡರೆ ‘ಬಿಸಿಲಿಗೆ ಹೀಗಾಯಿತು’ ಎಂದು ಮರದಡಿ ಮಲಗಿಸಬೇಡಿ. ಬಟ್ಟೆ ಕಳಚಿ, ಸೋಪು ಹಚ್ಚಿ ಮೈ ತೊಳೆದು, ಡಬ್ಬಿಯ ಚೀಟಿಯೊಡನೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಚೀಟಿ ನೋಡಿದರೆ ವೈದ್ಯರು ತಡಮಾಡದೆ ಅಟ್ರೋಪಿನ್ ಚುಚ್ಚುಮದ್ದು ಕೊಡಬಲ್ಲರು.

ತುಂಬುತೋಳಿನ ಅಂಗಿ, ಕೈಗವಸು, ಮೂಗು ಬಾಯಿಗೆ ಬಟ್ಟೆ ಇರಲಿ. ಗಾಳಿಗೆ ಬೆನ್ನುಮಾಡಿ ಹೊಡೆಯಿರಿ. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಬೇಡಿ. ಪಂಪನ್ನು ನಾಲೆಯಲ್ಲಿ ತೊಳೆಯಬೇಡಿ. ಇನ್ನೊಂದು ಮಾತು: ಆ ಅಂಗಿಯನ್ನು ಕೈಯಲ್ಲಿ ಉಜ್ಜಿ ಒಗೆಯುವವರು ಮನೆಯ ಹೆಂಗಸರು. ಮೊದಲೇ ಹೇಳಿ, ಮಕ್ಕಳ ಬಟ್ಟೆಯೊಡನೆ ನೆನೆಹಾಕದೆ ಬೇರೆಯಾಗಿ ಒಗೆಸಿ. ನೀವೇ ಒಗೆದುಕೊಂಡರೆ ಇನ್ನೂ ಒಳ್ಳೆಯದು.