ಸಂವಿಧಾನದ ಎರಡು ಭಾಗಗಳು

(ಪಕ್ಷದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಸಂವಿಧಾನವೆಂದರೆ ವಕೀಲರ ಪುಸ್ತಕ, ಅದು ನಮಗೇಕೆ ಎಂದು ಹಳ್ಳಿಗಳಲ್ಲಿ ಕೇಳುವವರುಂಟು. ಪಹಣಿಯಲ್ಲಿ ಯಾರ ಹೆಸರಿದೆಯೆಂದು ವಿಚಾರಿಸದೆ ಯಾವ ರೈತನೂ ಸುಮ್ಮನಿರುವುದಿಲ್ಲ. ಸಂವಿಧಾನವು ಈ ದೇಶದ ಪಹಣಿ. ಅದರಲ್ಲಿ ನಮ್ಮ ಹೆಸರು ಎಲ್ಲಿದೆಯೆಂದು ಈ ದಿನ ನೋಡೋಣ.

ಮೊದಲು ಅದು ಹುಟ್ಟಿದ ಬಗೆ. ರಾಜ್ಯಾಂಗ ರಚನಾ ಸಭೆ 1946ರ ಡಿಸೆಂಬರ್ 9ರಂದು ದೆಹಲಿಯಲ್ಲಿ ಸೇರಿತು. ಅದನ್ನು ಜನರು ನೇರವಾಗಿ ಆರಿಸಿರಲಿಲ್ಲ. ಪ್ರಾಂತಗಳ ಶಾಸನ ಸಭೆಗಳು ಆರಿಸಿದವು. ಆ ಶಾಸನ ಸಭೆಗಳಿಗೆ ಮತ ಹಾಕಿದವರಾದರೂ ಆಸ್ತಿ, ಕಂದಾಯ, ಓದು ಇದ್ದ ಕೆಲವರು. ಕೂಲಿಕಾರನಿಗೆ ಮತವಿರಲಿಲ್ಲ. ಇದೇ ಕಾರಣದಿಂದ ಸಮಾಜವಾದಿಗಳು ಆ ಸಭೆಯಿಂದ ಹೊರಗುಳಿದರು. ಆಕ್ಷೇಪಣೆ ಸರಿಯಾಗಿತ್ತು. ಆದರೆ ಹೊರಗುಳಿದದ್ದು ಸರಿಯೇ? ಇಲ್ಲವೆಂದೇ ನನ್ನ ಅಭಿಪ್ರಾಯ. 1948ರ ನವೆಂಬರಿನಲ್ಲಿ ‘ಸಮಾಜವಾದಿ’ ಎಂಬ ಮಾತನ್ನು ಸೇರಿಸಬೇಕೆಂದು ಪ್ರೊಫೆಸರ್ ಕೆ. ಟಿ. ಷಾ ತಿದ್ದುಪಡಿ ತಂದಾಗ, ಅವರ ಬೆನ್ನಿಗೆ ನಿಲ್ಲಲು ನಮ್ಮ ಪಕ್ಷ ಅಲ್ಲಿರಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಆ ಮಾತು ಪೀಠಿಕೆಗೆ ಬಂದದ್ದು 1976ರಲ್ಲಿ, ಅದೂ ತುರ್ತು ಪರಿಸ್ಥಿತಿಯ ಕಾಲದಲ್ಲಿ, ವಿರೋಧಿಗಳು ಜೈಲಿನಲ್ಲಿದ್ದಾಗ!

ಆದರೂ ಆ ಸಭೆ ಮಾಡಿದ ಕೆಲಸ ಸಣ್ಣದಲ್ಲ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾಕ್ಟರ್ ಅಂಬೇಡ್ಕರರ ಸಮಿತಿ ಅದನ್ನು ತಿದ್ದಿ ರೂಪಿಸಿತು. 395 ವಿಧಿಗಳ ಸಂವಿಧಾನವನ್ನು 1949ರ ನವೆಂಬರ್ 26ರಂದು ಅಂಗೀಕರಿಸಲಾಯಿತು. 1950ರ ಜನವರಿ 26ರಂದು ಅದು ಜಾರಿಗೆ ಬಂತು. ಕೆಲವರ ಮತದಿಂದ ಹುಟ್ಟಿದ ಸಭೆ ಎಲ್ಲರಿಗೂ ಮತ ಕೊಟ್ಟಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1951-52ರ ಚುನಾವಣೆಯಲ್ಲಿ ಮತದಾರರು ಸುಮಾರು 17 ಕೋಟಿ. ಗೌಡನಿಗೂ ಒಂದು ಮತ, ಅವನ ಜೀತದಾಳಿಗೂ ಒಂದು ಮತ.

ಇನ್ನು ಮುಖ್ಯ ವಿಷಯ. ಸಂವಿಧಾನದ ಮೂರನೆಯ ಭಾಗ ಮೂಲಭೂತ ಹಕ್ಕುಗಳದು. ಅವುಗಳಿಗೆ ಭಂಗ ಬಂದರೆ ಸುಪ್ರೀಂ ಕೋರ್ಟಿಗೇ ಹೋಗಬಹುದು. ನಾಲ್ಕನೆಯ ಭಾಗ ನಿರ್ದೇಶಕ ತತ್ತ್ವಗಳದು; ಈ ಪದ್ಧತಿ ಐರ್ಲೆಂಡಿನಿಂದ ಬಂದದ್ದು. ಜೀವನೋಪಾಯ, ಸಂಪತ್ತಿನ ನ್ಯಾಯವಾದ ಹಂಚಿಕೆ, ಉದ್ಯೋಗ, ಬದುಕಲು ಸಾಕಾಗುವ ಕೂಲಿ, ಮಕ್ಕಳ ವಿದ್ಯೆ ಎಲ್ಲವೂ ಅಲ್ಲಿವೆ. ಆದರೆ ಇವನ್ನು ಕೋರ್ಟಿನ ಮೂಲಕ ಪಡೆಯಲಾಗದೆಂದು 37ನೆಯ ವಿಧಿ ಹೇಳುತ್ತದೆ. ಆಸ್ತಿಯ ಹಕ್ಕು ಯಾವ ಭಾಗದಲ್ಲಿತ್ತು? ಮೂರನೆಯದರಲ್ಲಿ! ಉಳ್ಳವನ ಹಕ್ಕಿಗೆ ಕೋರ್ಟಿನ ಕಾವಲು, ಇಲ್ಲದವನ ಹಕ್ಕಿಗೆ ಸರ್ಕಾರದ ಸದ್ಬುದ್ಧಿಯೊಂದೇ ಗತಿ.

ಇದರ ಫಲ ಬೇಗನೆ ಕಂಡಿತು. 1951ರಲ್ಲಿ ಬಿಹಾರದ ಭೂಸುಧಾರಣಾ ಕಾನೂನನ್ನು ಪಾಟ್ನಾ ಹೈಕೋರ್ಟು ಅಸಿಂಧುವೆಂದಿತು. ಅದೇ ವರ್ಷ ಮೊದಲನೆಯ ತಿದ್ದುಪಡಿ ತರಬೇಕಾಯಿತು. ಅದೇ ವರ್ಷ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಡಾಕ್ಟರ್ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಗೇಣಿಪದ್ಧತಿಯನ್ನು ಅಳಿಸುವ ಕಾನೂನು ಕರ್ನಾಟಕದಲ್ಲಿ ಜಾರಿಯಾದದ್ದು 1974ರಲ್ಲಿ. ಆಸ್ತಿಯು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದದ್ದು 1978ರ 44ನೆಯ ತಿದ್ದುಪಡಿಯಿಂದ.

ಹಾಗಾದರೆ ತಿದ್ದುಪಡಿಗೆ ಮಿತಿಯಿಲ್ಲವೇ? ಉಂಟು. ಕೇರಳದ ಭೂಸುಧಾರಣೆಯ ವಿರುದ್ಧ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಹೂಡಿದ ದಾವೆಯಲ್ಲಿ, ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟೂ ಕೆಡಿಸುವಂತಿಲ್ಲವೆಂದು 1973ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಜಮೀನಿಗಾಗಿ ಹೂಡಿದ ದಾವೆ ಪ್ರಜೆಯ ರಕ್ಷಣೆಗೆ ಒದಗಿತು.

ನಾನು ಮೇಷ್ಟರ ಕೆಲಸ ಮಾಡಿದವನು. ಹದಿನಾಲ್ಕು ವರ್ಷದವರೆಗೆ ಎಲ್ಲ ಮಕ್ಕಳಿಗೂ ಉಚಿತ ವಿದ್ಯೆಯನ್ನು ಹತ್ತು ವರ್ಷಗಳೊಳಗೆ ಒದಗಿಸಬೇಕೆಂದು 45ನೆಯ ವಿಧಿ ಹೇಳಿತ್ತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ದನ ಕಾಯಲು ಹೋದ ಮಕ್ಕಳನ್ನು ನಾನು ಬಲ್ಲೆ. ವಿದ್ಯೆ ನಾಲ್ಕನೆಯ ಭಾಗದಿಂದ ಮೂರನೆಯ ಭಾಗಕ್ಕೆ ದಾಟಿದ್ದು 2002ರಲ್ಲಿ. ಅದರ ಕಾನೂನು ಜಾರಿಯಾದದ್ದು 2010ರಲ್ಲಿ. ಹತ್ತು ವರ್ಷದ ಮಾತಿಗೆ ಅರವತ್ತು ವರ್ಷ ಹಿಡಿಯಿತು. ಆದರೂ ದಾಟಿತು ಎಂಬುದನ್ನು ಮರೆಯಬೇಡಿ.

ರಾಜಕೀಯದಲ್ಲಿ ಸಮಾನತೆ, ಬಾಳಿನಲ್ಲಿ ಅಸಮಾನತೆ ಎಂಬ ವಿರೋಧವನ್ನು ಬೇಗ ನೀಗದಿದ್ದರೆ ಅನ್ಯಾಯಕ್ಕೊಳಗಾದವರು ಈ ಕಟ್ಟಡವನ್ನೇ ಸಿಡಿಸಿಬಿಡುವರೆಂದು ಅಂಬೇಡ್ಕರರು 1949ರ ನವೆಂಬರ್ 25ರಂದೇ ಎಚ್ಚರಿಸಿದರು. ಕಟ್ಟಡವನ್ನು ಉಳಿಸಬೇಕೆನ್ನುವ ನಾವು ಅದರ ನಾಲ್ಕನೆಯ ಭಾಗವನ್ನು ಊರೂರಿಗೆ ಒಯ್ಯಬೇಕು. ಉದ್ಯೋಗ ಇನ್ನೂ ಅಲ್ಲಿಯೇ ಇದೆ, ಬದುಕಲು ಸಾಕಾಗುವ ಕೂಲಿಯೂ ಅಲ್ಲಿಯೇ ಇದೆ. ಅವನ್ನು ಮೂರನೆಯ ಭಾಗಕ್ಕೆ ದಾಟಿಸುವುದು ವಕೀಲರಿಂದಾಗುವ ಕೆಲಸವಲ್ಲ; ಸಂಘಟಿತ ಜನರ ಕೆಲಸ. ಇಲ್ಲಿಂದ ಊರಿಗೆ ಹೋದೊಡನೆ ನಾಲ್ಕು ಜನರನ್ನು ಕೂರಿಸಿ, 39ನೆಯ ವಿಧಿಯನ್ನು ಓದಿ ಹೇಳಿ. ಕೆಲಸ ಅಲ್ಲಿಂದ ಮೊದಲಾಗಲಿ.