ಬ್ಯಾಟರಿಯನ್ನು ತಿನ್ನುವ ಪ್ಲಗ್ಗು ಯಾವುದು?

(ತ್ರಿಪ್ಲಿಕೇನಿನಲ್ಲಿ ಹೋಟೆಲ್ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)

2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತ ಬಡಿದಾಗ ಈ ನಗರದ ಎಷ್ಟೋ ಬೀದಿಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಅಂಥ ಹೊತ್ತಿನಲ್ಲಿ ಗಲ್ಲಾದ ಕಂಪ್ಯೂಟರು ಬಿಲ್ಲಿನ ನಡುವೆ ಫಕ್ಕನೆ ಆರಿದರೆ ಲೆಕ್ಕ ಕೆಡಬಹುದು. ಕೊರತೆ ಬಿದ್ದ ಹಣಕ್ಕೆ ಮೊದಲು ಹಿಡಿಯುವುದು ಗಲ್ಲಾದಲ್ಲಿ ಕುಳಿತವನನ್ನೇ. ಆದುದರಿಂದ ಇದು ಯಜಮಾನರೊಬ್ಬರ ಚಿಂತೆಯಲ್ಲ.

12 ವೋಲ್ಟು, 150 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ. 100 ವ್ಯಾಟಿನ ಕಂಪ್ಯೂಟರೊಂದೇ ಆದರೆ 18 ಗಂಟೆ. ಯಾರೋ ಪುಣ್ಯಾತ್ಮರು ಪಕ್ಕದ ಪ್ಲಗ್ಗಿಗೆ 500 ವ್ಯಾಟಿನ ಮಿಕ್ಸಿ ಸಿಕ್ಕಿಸಿ ಚಟ್ನಿ ರುಬ್ಬುತ್ತಲೇ ಇದ್ದರೆ 3 ಗಂಟೆ. ನಿಜದಲ್ಲಿ ಇನ್ನೂ ಕಡಿಮೆ. ಹಳೆಯ ಬ್ಯಾಟರಿಯಾದರೆ ಕೇಳುವುದೇ ಬೇಡ.

ಸಾಮಾನ್ಯ ಯು.ಪಿ.ಎಸ್. ಒಟ್ಟು ಹೊರೆಯನ್ನು ತೋರಿಸೀತು, ಹೊಟ್ಟೆಬಾಕ ಯಾರೆಂದು ಹೇಳದು. ಒಂದೊಂದು ಪ್ಲಗ್ಗಿಗೂ ಸಣ್ಣ ವ್ಯಾಟ್ ಮೀಟರು ಹಾಕಿ ನೋಡಿ ಬರೆದಿಡಬೇಕು. ಕರೆಂಟು ಹೋದೊಡನೆ ಹೆಚ್ಚು ಎಳೆಯುವುದನ್ನು ಮೊದಲು ಕಳಚಬೇಕು. ಯು.ಪಿ.ಎಸ್.ನಲ್ಲಿ ಸೌಕರ್ಯವಿದ್ದರೆ ಅದರಿಂದ ಕಂಪ್ಯೂಟರಿಗೆ ಯು.ಎಸ್.ಬಿ. ತಂತಿ ಹಾಕಿಸಿರಿ, ಬ್ಯಾಟರಿ ತಳ ಮುಟ್ಟುವ ಮೊದಲೇ ಕಂಪ್ಯೂಟರು ಕ್ರಮವಾಗಿ ತಾನೇ ಮುಚ್ಚಿಕೊಳ್ಳುವಂತೆ ಏರ್ಪಡಿಸಬಹುದು.

ಪ್ಲಗ್ಗುಗಳ ಪಟ್ಟಿಯನ್ನು ಗಲ್ಲಾದ ಬಳಿ ಅಂಟಿಸಿ, ಕೆಳಗೆ ಯಜಮಾನರ ರುಜು ಹಾಕಿಸಿಕೊಳ್ಳಿರಿ.